ದಿನಕ್ಕೆ ಮೂವತ್ತೆಂಟು ಕಿಲೋಮೀಟರು

ಡಿಸೆಂಬರ್ ೧೧, ಬೆಳಿಗ್ಗೆ ೧೦.೨೦. ಕುಂದಗೋಳದ ಬೀಜ-ಗೊಬ್ಬರದ ವ್ಯಾಪಾರಿ ಹೇಮಂತ ಠಾಣೆಗೆ ಬಂದವನು ಕುರ್ಚಿ ಎಳೆದುಕೊಳ್ಳುವ ಮೊದಲೇ ದೂರು ಶುರು ಮಾಡಿದ.

“ಮೇಡಮ್, ನನ್ನ ಎಲೆಕ್ಟ್ರಿಕ್ ಕಾರು ಯಾರೋ ರಾತ್ರಿ ಒಯ್ದು ಮುಂಜಾನಿ ತಂದಿಡಾಕತ್ತಾರ್ರಿ.”

ಪಿಎಸ್‌ಐ ಭಾವನಾ ಪೆನ್ನಿನ ಮುಚ್ಚಳ ತೆಗೆದಳು. “ಹೆಂಗ ಗೊತ್ತಾತು?”

“ಹನ್ನೊಂದು ದಿನ ಆತು. ದಿನಾ ಮೂವತ್ತೆಂಟು ಕಿಲೋಮೀಟರ್ ಹೆಚ್ಚಿಗಿ ತೋರಸ್ತದ. ಸೀಟು ಹಿಂದಕ್ಕ ಮಲಗಿರತದ.”

“ಕಾರಿನ ಕೀಲಿ?”

“ಅಂಗಡ್ಯಾಗ, ಮೊಳಿಗೆ ತೂಗಹಾಕಿರತೇನ್ರಿ.”

ಹೆಡ್ ಕಾನ್‌ಸ್ಟೆಬಲ್ ಮಡಿವಾಳೆಪ್ಪನಿಗೆ ನಗು ತಡೆಯಲಾಗಲಿಲ್ಲ. ಕದ್ದ ಮಾಲನ್ನು ದಿನಾ ತಂದಿಡುವ ಕಳ್ಳನನ್ನು ಮೂವತ್ತು ವರ್ಷದ ನೌಕರಿಯಲ್ಲಿ ಅವನು ಕಂಡಿರಲಿಲ್ಲ. ಭಾವನಾ ನಗಲಿಲ್ಲ. ಎರಡು ವರ್ಷದಿಂದ ಅವಳಿಗೆ ನಗುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಕೆಲಸ ಮಾತ್ರ ಚೊಕ್ಕವಾಗಿ ನಡೆಯುತ್ತಿತ್ತು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ೧೨.೧೫ಕ್ಕೆ ಅಂಗಡಿಯ ಹಿತ್ತಲಲ್ಲಿ ಪಂಚನಾಮೆ. ಸೀಟಿನ ಮೇಲೆ ಕೊಬ್ಬರಿ ಎಣ್ಣೆಯ ಕಲೆ, ಒಂದು ಉದ್ದನೆಯ ಬಿಳಿ ಕೂದಲು. ಬೀಗ ಒಡೆದಿಲ್ಲ. ಕಾವಲುಗಾರನಿಗೆ ಏನೂ ಕೇಳಿಸಿಲ್ಲ. ಆ ಕಾರಿಗೆ ಸದ್ದೇ ಇಲ್ಲವಲ್ಲ.

“ಅಂಗಡಿ ಕೀಲಿ ಯಾರ‍್ಯಾರ ಕಡೆ ಅದಾವ?”

“ನನ್ನ ಕಡೆ. ಮತ್ತ ಬಿಲ್ ಬರಿಯೋ ನರ್ಮದಾಬಾಯಾರ ಕಡೆ. ಅವರ ಮ್ಯಾಲೆ ಸಂಶಯ ಬ್ಯಾಡ್ರಿ. ಗಂಡ ತೀರಕೊಂಡು ತಿಂಗಳಾತು. ಕೆಟ್ಟ ನಕ್ಷತ್ರದಾಗ ಹೋದ್ರಂತ ಗುಡಗೇರಿ ಮನಿಗೆ ಆರು ತಿಂಗಳು ಕೀಲಿ ಹಾಕ್ಯಾರ. ಇಲ್ಲೇ ತಮ್ಮನ ಮನ್ಯಾಗ ಅದಾರ.”

ಭಾವನಾ ಬರೆಯುವುದನ್ನು ನಿಲ್ಲಿಸಿದಳು. ಗುಡಗೇರಿಗೆ ಹೋಗಿಬಂದರೆ ಸರಿಯಾಗಿ ಮೂವತ್ತೆಂಟು ಕಿಲೋಮೀಟರು.

ಡಿಸೆಂಬರ್ ೧೨, ನಸುಕಿನ ೪.೪೦. ಗುಡಗೇರಿಯಲ್ಲಿ, ಕೀಲಿ ಹಾಕಿದ ಮನೆಯೊಂದರ ಮುಂದೆ ಕಾರು ನಿಂತಿತ್ತು. ಕಾರಿನೊಳಗೆ ನರ್ಮದಾಬಾಯಿ ಕೌದಿ ಹೊದ್ದು ಗಾಢ ನಿದ್ದೆಯಲ್ಲಿದ್ದರು. ಮಡಿವಾಳೆಪ್ಪ ಗಾಜು ಬಡಿಯಲು ಕೈಯೆತ್ತಿದ.

“ತಡೀರಿ. ಹೊತ್ತು ಹುಟ್ಟೂದಕ್ಕಿಂತ ಮೊದಲ ಹೆಂಗಸರನ್ನ ಅರೆಸ್ಟ್ ಮಾಡೂಹಂಗಿಲ್ಲ.”

“ಮತ್ತೇನ್ ಮಾಡೂದ್ರಿ?”

“ಮಲಗಲಿ. ಕಾಯೂಣು.”

೫.೩೦ಕ್ಕೆ ಒಳಗೆ ಮೊಬೈಲಿನ ಅಲಾರಂ ಹೊಡೆಯಿತು. ಕಣ್ಣು ಬಿಟ್ಟ ನರ್ಮದಾಬಾಯಿ ಪೊಲೀಸರನ್ನು ನೋಡಿದರು. ಗಾಬರಿಯಾಗಲಿಲ್ಲ, ಕೌದಿ ಮಡಚಿಟ್ಟು ಬಾಗಿಲು ತೆಗೆದರು.

“ಕಾರು ಯಾಕ ಒಯ್ದ್ರಿ?”

“ತಮ್ಮನ ಮನಿಯವರು ಮಲಗಿದ ಮ್ಯಾಲ ಬರಬೇಕ್ರಿ. ಅಷ್ಟೊತ್ತಿಗೆ ಬಸ್ ಇರಂಗಿಲ್ಲ.”

“ಮನಿ ಕೀಲಿ ನಿಮ್ಮ ಕಡೆನ ಅದ. ಒಳಗ ಮಲಗಬಹುದಿತ್ತಲ್ಲ?”

“ಹೊಸ್ತಿಲ ದಾಟಿದ್ರ ಮತ್ತೊಂದು ಸಾವಾಗ್ತದ ಅಂದಾರ. ಮಗಳು ಬಸರಿ ಅದಾಳ್ರಿ.”

“ಮತ್ತ ಇಲ್ಲಿ ಮಲಗೂದು ಯಾಕ?”

“ಹೋದವರು ತಿರುಗಿ ಬರ್ತಾರಂತ ಅಲ್ಲೇನ್ರಿ ಮನಿ ಬಿಡಸೂದು? ಬಂದಾಗ ಯಾರೂ ಇರದಿದ್ರ ಹೆಂಗ?”

ಮಡಿವಾಳೆಪ್ಪ ಬೇರೆ ಕಡೆ ಮುಖ ತಿರುಗಿಸಿದ. ಭಾವನಾಗೆ ಏನೂ ಅನ್ನಿಸಲಿಲ್ಲ, ಏನೂ ಅನ್ನಿಸದಿರುವುದಕ್ಕೇ ಮೊದಲ ಸಲ ಹೆದರಿಕೆಯಾಯಿತು.

೬.೫೨ಕ್ಕೆ ಸೂರ್ಯ ಕಂಡ. ಜೀಪಿನ ಬಾನೆಟ್ಟಿನ ಮೇಲೆ ಬಂಧನದ ಮೆಮೊ ಬರೆದದ್ದಾಯಿತು. ಒಂದು ಕಾಲಂ ಉಳಿದಿತ್ತು.

“ಅರೆಸ್ಟ್ ಆದದ್ದು ಯಾರಿಗೆ ತಿಳಸೂಣು?”

“ತಮ್ಮಗ ಹೇಳ್ರಿ.” ನರ್ಮದಾಬಾಯಿ ಮನೆಯ ಬಾಗಿಲ ಕಡೆ ನೋಡಿದರು. “ಇವರಿಗೂ ಒಂದು ಚೀಟಿ ಸಿಗಸಿ ಬರಲೇನ್ರಿ? ಎಲ್ಲಿ ಹೋದಳಂತ ಹುಡುಕ್ಯಾರು.”

ಕೇಸ್ ಡೈರಿಯ ಹಾಳೆ ಹರಿಯುವಂತಿಲ್ಲ. ಭಾವನಾ ಹರಿದು ಕೊಟ್ಟಳು, ಪೆನ್ನನ್ನೂ ಕೊಟ್ಟಳು.