ಅರಗು ಒಣಗುವ ಮೊದಲು

ಬಹಳ ಬಹಳ ಹಿಂದೆ, ಬಾವಿಯ ಮೀನುಗಳು ಮನುಷ್ಯರ ಜೊತೆ ಜಗಳವಾಡುತ್ತಿದ್ದ ಕಾಲದಲ್ಲಿ, ಹವಳಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬೀರೋಜ ಎಂಬ ಬಡಗಿ ಇದ್ದ. ಅವನಿಗೊಬ್ಬಳು ಅಕ್ಕ, ಹೆಸರು ಸೋವಕ್ಕ. ತಮ್ಮ ವೀಣೆ ಮಾಡುತ್ತಿದ್ದ, ಅಕ್ಕ ಅರಮನೆಯಲ್ಲಿ ವೀಣೆ ನುಡಿಸುತ್ತಿದ್ದಳು. ತಂದೆ ತಾಯಿ ತೀರಿಕೊಂಡ ಮೇಲೆ ಅವನಿಗೆ ಅವಳು, ಅವಳಿಗೆ ಅವನು.

ಬೀರೋಜನ ಕೈಕೆಲಸಕ್ಕೆ ರಾಜ್ಯದಲ್ಲೆಲ್ಲ ಹೆಸರು. ಅವನ ಮನೆಯಿಂದ ಹೊರಟ ವೀಣೆಯ ಮೇಲೆ ಒಂದು ಗೀರನ್ನಾಗಲಿ ಒಂದು ಚುಕ್ಕೆಯನ್ನಾಗಲಿ ಯಾರೂ ಕಂಡಿರಲಿಲ್ಲ. ಅರಗು ಬಳಿದು, ಕೇದಗೆ ಎಲೆಯಲ್ಲಿ ಉಜ್ಜಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬರುವವರೆಗೆ ಅವನು ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಸಾಕ್ಷಾತ್ ಮಹಾರಾಣಿಯೇ ಬಂದು ನಿಂತಾಗಲೂ "ಇನ್ನೆರಡು ದಿನ ತಾಯೀ" ಎಂದು ಬಾಗಿಲು ಹಾಕಿಕೊಂಡಿದ್ದ. ಇಂಥವರ ಜೊತೆ ಒಂದೇ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂದು ಸೋವಕ್ಕನನ್ನು ಕೇಳಬೇಕು.

ಊರಿಗೆ ಮೂರು ಗಾವುದ ದೂರದಲ್ಲಿ ಬೋಳುಬೆಟ್ಟ. ಅಲ್ಲಿ ಧೂಳುಕೇಶಿ ಎಂಬ ಮಾಂತ್ರಿಕನಿದ್ದ. ಅವನು ತಲೆ ಕೊಡವಿದರೆ ಊರಿನ ಮೇಲೆ ಧೂಳು ಸುರಿಯುತ್ತಿತ್ತು. ಒಂದು ದಿನ ಅವನು ನೇರ ಅರಮನೆಗೆ ಬಂದು ಸೋವಕ್ಕನ ಮುಂದೆ ಕಾಲು ಚಾಚಿ ಕೂತ.

"ನನ್ನನ್ನು ಹೊಗಳಿ ಒಂದು ರಾಗ ನುಡಿಸು" ಎಂದ.

"ನಾನು ನುಡಿಸೋದು ಕೇಳೋಕೆ ಬಂದೋರಿಗೆ. ಹೆದರಿಸೋಕೆ ಬಂದೋರಿಗಲ್ಲ" ಎಂದಳು ಸೋವಕ್ಕ.

ಮಾಂತ್ರಿಕ ಅವಳ ಎಡಗೈ ಮೇಲೆ ಉಫ್ ಎಂದು ಊದಿದ. ಐದೂ ಬೆರಳು ಹಸಿ ಮಣ್ಣಾದವು.

"ಈ ಮಣ್ಣು ದಿನಾ ಮೇಲೇರುತ್ತೆ. ಇಪ್ಪತ್ತೊಂದನೇ ದಿನ ಹೊತ್ತು ಮುಳುಗುವಾಗ ಎದೆ ಮುಟ್ಟುತ್ತೆ. ನನ್ನ ಪ್ರಾಣ ಬೆಟ್ಟದ ತುದಿಯಲ್ಲಿರೋ ಮಡಕೆಯಲ್ಲಿದೆ. ನಿನ್ನ ಕೈಯ ರಾಗ ಅಲ್ಲಿಗೆ ಕೇಳಿದರೆ ಮಡಕೆ ಒಡೆಯುತ್ತೆ. ಕೇಳಿಸು ನೋಡೋಣ!" ಎಂದು ನಕ್ಕು ಹೋದ. ಮಾಂತ್ರಿಕರಿಗೆ ತಮ್ಮ ಪ್ರಾಣ ಎಲ್ಲಿದೆಯೆಂದು ನಾಲ್ಕು ಜನರೆದುರು ಹೇಳಿಕೊಳ್ಳದಿದ್ದರೆ ಉಂಡ ಅನ್ನ ಅರಗುವುದಿಲ್ಲವೋ ಏನೋ.

ಅವನ ನಗುವಿಗೂ ಕಾರಣವಿತ್ತು. ವೀಣೆಯ ದನಿ ಮೂರನೇ ಬೀದಿ ದಾಟುವುದಿಲ್ಲ, ಇನ್ನು ಮೂರು ಗಾವುದ ಎಲ್ಲಿಂದ ಬಂತು? ಅದೂ ಅಲ್ಲದೆ ಮಣ್ಣಿನ ಬೆರಳಿನಿಂದ ತಂತಿ ಒತ್ತಿದರೆ ತಂತಿ ಬೆರಳೊಳಗೇ ಇಳಿಯುತ್ತಿತ್ತು. ಸೋವಕ್ಕ ಒಮ್ಮೆ ಒತ್ತಿ ನೋಡಿ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬೀರೋಜ ಅರಮನೆಯ ಬಾವಿಕಟ್ಟೆಯ ಮೇಲೆ ಕೂತು ಅತ್ತ. ಆ ಬಾವಿಯಲ್ಲಿ ಮೈಯೆಲ್ಲ ಮಿಂಚು ತುಂಬಿದ ಒಂದು ಹಾವುಮೀನು ವಾಸವಾಗಿತ್ತು.

"ಏಯ್, ಕಣ್ಣೀರು ಬೀಳಿಸಿ ನನ್ನ ನೀರು ಉಪ್ಪು ಮಾಡ್ಬೇಡ" ಎಂದು ಅದು ತಲೆ ಎತ್ತಿ ಗದರಿತು. ಬೀರೋಜ ನಡೆದದ್ದನ್ನೆಲ್ಲ ಹೇಳಿದ. ಮೀನು ಸ್ವಲ್ಪ ಹೊತ್ತು ಬಾಲ ಆಡಿಸಿತು.

"ಹಲಸಿನ ಹಲಗೆಯಲ್ಲಿ ಹೊಟ್ಟೆಯಿಲ್ಲದ ವೀಣೆ ಮಾಡು. ಆರು ತಂತಿ ಸಾಕು. ತಂತಿ ತೆಳ್ಳಗಿರಲಿ, ಮೆಟ್ಟಿಲಿಗೆ ತಾಗಿಯೂ ತಾಗದ ಹಾಗೆ ಮಲಗಿರಲಿ. ಒತ್ತೋದೇ ಬೇಡ, ಸವರಿದರೆ ಸಾಕು ಅನ್ನೋ ಹಾಗಿರಬೇಕು. ತಂತಿ ಕೆಳಗೆ ಒಂದು ಸೂಜಿಗಲ್ಲು ಇಡು, ಅದಕ್ಕೆ ಏಳು ಸಾವಿರ ಸುತ್ತು ತಾಮ್ರದ ಎಳೆ ಸುತ್ತು. ಎಳೆಯ ತುದಿಯನ್ನ ನಿಮ್ಮನೆ ಹಿತ್ತಾಳೆ ಹಂಡೆಗೆ ಇಳಿಬಿಡು. ಹಂಡೆಯಲ್ಲಿ ನಾನಿರ್ತೀನಿ. ನಿಮ್ಮಕ್ಕ ಪಿಸುಗುಟ್ಟಿದರೆ ನಾನು ಗುಡುಗ್ತೀನಿ. ಆದರೆ ದಿನಾ ನೀರು ಬದಲಾಯಿಸಬೇಕು, ಈಗಲೇ ಹೇಳಿದೀನಿ."

ಬೀರೋಜ ಮೀನನ್ನು ಕೊಡದಲ್ಲಿ ಹೊತ್ತು ಮನೆಗೆ ಓಡಿದ.

ಕೆಲಸ ಶುರುವಾಯಿತು. ಹಲಸಿನ ಹಲಗೆಯನ್ನು ನಡುವಿನಲ್ಲಿ ಸೊಂಟದಂತೆ ಕೊರೆದು ಅಕ್ಕನ ತೊಡೆಯ ಮೇಲೆ ಅಲುಗದೆ ಕೂರುವ ಹಾಗೆ ಮಾಡಿದ. ದಂಡಿಯನ್ನು ಅಕ್ಕನ ಕೈಗೆ ಕೊಡುವುದು, "ಎಲ್ಲಿ ಒತ್ತುತ್ತೆ?" ಎಂದು ಕೇಳುವುದು, ಅಲ್ಲಿ ಒಂದು ಎಳೆ ಹೆರೆಯುವುದು, ಮತ್ತೆ ಕೊಡುವುದು. ಹೀಗೆ ನಲವತ್ತು ಸಲ. ಬೇರೆ ಯಾರ ಕೈಗೂ ಹೊಂದದ, ಸೋವಕ್ಕನ ಮಣ್ಣಿನ ಕೈಗೆ ಮಾತ್ರ ಹೊಂದುವ ದಂಡಿ ಅದು. ತಾಮ್ರದ ಎಳೆ ನಾಲ್ಕು ಸಾವಿರದ ಮುನ್ನೂರನೇ ಸುತ್ತಿಗೆ ಟಪ್ಪೆಂದು ಹರಿಯಿತು. ಬೀರೋಜ ಹಲ್ಲು ಕಚ್ಚಿ ಮೊದಲಿನಿಂದ ಸುತ್ತಿದ. ಅಷ್ಟು ಹೊತ್ತಿಗೆ ಮಣ್ಣು ಅಕ್ಕನ ಮೊಣಕೈ ದಾಟಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ತಂತಿ ಬಿಗಿದು ಅವನೇ ಒಂದನ್ನು ಮೆಲ್ಲಗೆ ಮೀಟಿದ. ಹಂಡೆ ಝೇಂ ಎಂದಿತು. ಹೆಂಚು ಅದುರಿದವು. ಪಕ್ಕದ ಮನೆಯ ಬೆಕ್ಕು ಆವತ್ತು ಊರು ಬಿಟ್ಟಿದ್ದು ಮತ್ತೆ ಬರಲಿಲ್ಲ.

"ಆಯ್ತಲ್ಲ! ಇನ್ನೇನು, ನುಡಿಸಿಬಿಡೋಣ" ಎಂದಿತು ಹಂಡೆಯೊಳಗಿನ ಮೀನು.

ಬೀರೋಜ ಮಾತ್ರ ಮರವನ್ನು ನೋಡುತ್ತಿದ್ದ. ಬೆತ್ತಲೆ ಮರ. ಉಳಿಯ ಗುರುತು ಇನ್ನೂ ಕಾಣುತ್ತಿತ್ತು.

"ಅರಗು ಒಂದು ಬಳಿದುಬಿಡ್ತೀನಿ ಅಕ್ಕಾ. ಎರಡೇ ದಿನ. ಬರಿ ಮರ ಕೈಗೆ ಕೊಟ್ಟರೆ ಅಪ್ಪನ ಹೆಸರು ಏನಾಗಬೇಕು?"

ಸೋವಕ್ಕನೂ ಅದೇ ಅಪ್ಪನ ಮಗಳಲ್ಲವೇ? ಬೆರಳು ಮಡಿಸಿ ಲೆಕ್ಕ ಹಾಕೋಣವೆಂದರೆ ಬಲಗೈಯ ಬೆರಳು ಮಾತ್ರ ಇದ್ದವು. "ಒಂಬತ್ತು ದಿನ ಇದೆಯಲ್ಲ. ಬಳಿ" ಎಂದಳು.

ತಂತಿ ಬಿಚ್ಚಿದ. ಎಣ್ಣೆಯಲ್ಲಿ ಕುದಿಸಿದ ಕೆಂಪು ಅರಗಿನಲ್ಲಿ ಬಟ್ಟೆ ಅದ್ದಿ, ಉಸಿರು ಹಿಡಿದು ಬಳಿದ. ಅರಗು ಒಣಗಲು ಮನೆ ಬೆಚ್ಚಗಿರಬೇಕು. ಬೆಚ್ಚಗಾದರೆ ಅಕ್ಕನ ಮಣ್ಣಿನ ತೋಳು ಬಿರುಕು ಬಿಡುತ್ತದೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಬೇಕು. ಅತ್ತ ಅರಗು ಒಣಗಬೇಕು, ಇತ್ತ ಅಕ್ಕ ಒಣಗಬಾರದು. ಬೀರೋಜ ಕೆಂಡದ ಕುಂಡ ಒಂದು ಕೈಯಲ್ಲಿ, ನೀರಿನ ತಂಬಿಗೆ ಇನ್ನೊಂದು ಕೈಯಲ್ಲಿ ಹಿಡಿದು ಆ ಕೋಣೆಗೂ ಈ ಕೋಣೆಗೂ ಓಡಾಡಿದ.

ಅರಗು ಬಳಿದ ಎರಡನೇ ದಿನ ಒಬ್ಬ ದಾರಿಹೋಕ ಬಾಗಿಲಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೂದಲಿಂದ ಧೂಳು ಉದುರುತ್ತಿತ್ತು.

"ಬಾಯಾರಿದೆ ತಮ್ಮಾ, ಸ್ವಲ್ಪ ನೀರು ಕೊಡು" ಎಂದ. ನೀರು ಕುಡಿದ. ಹೋಗುವಾಗ ಹೊಸ್ತಿಲ ಮೇಲೆ ನಿಂತು ಕಂಬಳಿಯನ್ನು ಫಟಾರನೆ ಕೊಡವಿದ.

ಬೀರೋಜ ಓಡಿ ಬಂದು ನೋಡಿದರೆ ಹಸಿ ಅರಗಿನ ಮೇಲೆಲ್ಲ ರವೆ ಎರಚಿದ ಹಾಗೆ ಧೂಳು! ಅವನು ತಲೆ ತಲೆ ಚಚ್ಚಿಕೊಂಡ. ಅರಗನ್ನೆಲ್ಲ ಹೆರೆದು ತೆಗೆದು, ಎಲೆ ಹಾಕಿ ಉಜ್ಜಿ, ಮತ್ತೆ ಬಳಿದ. ಮೂರು ದಿನ ಹೋಯಿತು. ಮಣ್ಣು ತೋಳಿನ ನಡುವಿಗೆ ಬಂತು.

"ಧೂಳಿದ್ದರೆ ದನಿ ಬರಲ್ವೇನಯ್ಯಾ?" ಎಂದು ಮೀನು ಹಂಡೆಯಿಂದ ಕೂಗಿತು. ಬೀರೋಜ ಹಂಡೆಗೆ ಮುಚ್ಚಳ ಹಾಕಿದ.

ಎರಡನೇ ಸಲ ಒಬ್ಬ ವೈದ್ಯ ಬಂದ. ಕೈಯಲ್ಲಿ ಬೇರಿನ ಚೀಲ, ಕೂದಲಿಂದ ಧೂಳು ಉದುರುತ್ತಿತ್ತು.

"ಅಯ್ಯೋ ಮಗಾ, ಅಕ್ಕನ್ನ ಹೀಗೆ ಒಣಗಿಸ್ತಾರೇನೋ? ತೋಳಿಗೆ ಮಾತ್ರ ಸಾಲದು, ಮನೆ ತುಂಬ ಒದ್ದೆ ಬಟ್ಟೆ ಕಟ್ಟು" ಎಂದ. ಅಕ್ಕನ ವಿಷಯ ಬಂದರೆ ಬೀರೋಜನಿಗೆ ತಲೆ ಓಡುತ್ತಿರಲಿಲ್ಲ. ಸೀರೆ, ಪಂಚೆ, ಹಚ್ಚಡ ಎಲ್ಲ ನೆನೆಸಿ ಕೋಣೆ ಕೋಣೆಗೂ ಕಟ್ಟಿದ. ಮಾರನೇ ದಿನ ನೋಡಿದರೆ ಅರಗು ತಂಪು ಕುಡಿದು ಬೆಳ್ಳಗೆ ಮಬ್ಬಾಗಿತ್ತು, ಕಣ್ಣಿಗೆ ಪೊರೆ ಬಂದ ಹಾಗೆ.

ಮತ್ತೆ ಹೆರೆದ. ಮತ್ತೆ ಉಜ್ಜಿದ. ಮತ್ತೆ ಬಳಿದ. ಮತ್ತೆ ಮೂರು ದಿನ ಹೋಯಿತು. ಮಣ್ಣು ಹೆಗಲಿಗೆ ಬಂತು.

ಸೋವಕ್ಕ ಇದನ್ನೆಲ್ಲ ನೋಡಿದಳು. ತನ್ನ ಒದ್ದೆ ಬಟ್ಟೆಯಿಂದಲೇ ತಮ್ಮನ ಕೆಲಸ ಕೆಟ್ಟಿತೆಂದು ಅವಳಿಗೆ ಸಂಕಟವಾಯಿತು. ತಮ್ಮ ಆಚೆ ಹೋದಾಗ ತೋಳಿಗೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ಹಿತ್ತಲಿಗೆ ಎಸೆದಳು. ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವನಿಗೆ ಹೇಳಲಿಲ್ಲ.

ಇಪ್ಪತ್ತೊಂದನೇ ದಿನ ಬಂತು. ಅರಗು ಕೆಂಪಗೆ, ಕನ್ನಡಿಯ ಹಾಗೆ ಕೂತಿತ್ತು. ಬೀರೋಜ ಉಗುರಿನ ತುದಿಯಲ್ಲೂ ಮುಟ್ಟದೆ, ಹಸಿ ದಂಡಿಗೆ ಕೈ ತಾಗದ ಹಾಗೆ ಆರೂ ತಂತಿ ಬಿಗಿದ. ಮೇಲೆ ಇನ್ನೂ ಸ್ವಲ್ಪ ಜಿಗುಟಿತ್ತು. ಸಂಜೆಗೆ ಒಣಗುತ್ತಿತ್ತು. ಹೊತ್ತು ಇಳಿಯುತ್ತಿದ್ದಾಗ ಒಬ್ಬ ಮುದುಕ ಶಿಲ್ಪಿ ಬಂದ. ಕಿವಿಯಲ್ಲಿ ಕಡಕು, ಕೈಯಲ್ಲಿ ಸ್ಫಟಿಕದ ಬಿಲ್ಲೆ, ಕೂದಲಿಂದ ಧೂಳು ಉದುರುತ್ತಿತ್ತು.

ಅವನು ಬಿಲ್ಲೆಯನ್ನು ಕಣ್ಣಿಗಿಟ್ಟು ವಾದ್ಯವನ್ನು ಮೂರು ಸುತ್ತು ನೋಡಿದ. "ಆಹಾ! ನಿಮ್ಮಪ್ಪ ಇದ್ದಿದ್ದರೆ ಕಣ್ತುಂಬ ನೀರು ತಂದ್ಕೋತಿದ್ದ" ಎಂದ. ಬೀರೋಜನ ಎದೆ ಉಬ್ಬಿತು. "ಆದರೆ..." ಎಂದ ಮುದುಕ. ಬೀರೋಜನ ಎದೆ ಧಸಕ್ಕೆಂದಿತು. "ಇಲ್ಲಿ ನೋಡು ಮಗಾ. ನೊಣದ ರೆಕ್ಕೆ."

ನಿಜ. ದಂಡಿಯ ಬುಡದಲ್ಲಿ, ಅರಗಿನೊಳಗೆ, ಎಳ್ಳಿನಷ್ಟು ಒಂದು ರೆಕ್ಕೆಯ ಚೂರು.

"ನಾನಾದರೆ ಹೀಗೆ ಕೊಡಲ್ಲಪ್ಪ" ಎಂದ ಮುದುಕ. "ಅಪ್ಪನ ಹೆಸರು ನಿನ್ನಿಷ್ಟ."

ಬೀರೋಜನಿಗೆ ಆ ರೆಕ್ಕೆ ಬಿಟ್ಟು ಲೋಕದಲ್ಲಿ ಬೇರೇನೂ ಕಾಣಲಿಲ್ಲ. ಕೈ ತಾನಾಗಿಯೇ ಹೆರೆಯುವ ಅಲಗಿನತ್ತ ಹೋಯಿತು. ಅಲಗು ಅರಗಿಗೆ ತಾಗಿತು.

ಒಳಗಿಂದ ಟಣ್ ಎಂದು ಸದ್ದಾಯಿತು, ಬೋಗುಣಿ ಒಡೆದ ಹಾಗೆ.

"ಬೀರೂ" ಎಂದಳು ಸೋವಕ್ಕ. "ಇಲ್ಲಿ ನೋಡೋ."

ಅವನು ತಿರುಗಿ ನೋಡಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸೆರಗು ಸರಿದಿತ್ತು. ಹೆಗಲಿನಿಂದ ಮುಂಗೈವರೆಗೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಕಿರುಬೆರಳು ನೆಲದ ಮೇಲೆ ಮೂರು ಚೂರಾಗಿ ಬಿದ್ದಿತ್ತು.

"ಬಟ್ಟೆ ಎಲ್ಲಿ ಅಕ್ಕಾ? ಒದ್ದೆ ಬಟ್ಟೆ ಎಲ್ಲಿ?"

"ನಿನ್ನ ಅರಗು ಕೆಡುತ್ತೆ ಅಂತ ಬಿಚ್ಚಿಹಾಕಿದೆ."

ಬೀರೋಜನ ಕೈಯಿಂದ ಅಲಗು ಜಾರಿ ಬಿತ್ತು. ತಾನು ಇಷ್ಟು ದಿನ ಯಾರಿಗಾಗಿ ಉಜ್ಜುತ್ತಿದ್ದೆನೋ ಅವರನ್ನೇ ಉಜ್ಜಿ ಸವೆಸಿಬಿಟ್ಟೆ ಎಂದು ಅವನಿಗೆ ಆಗ ಹೊಳೆಯಿತು. ಅಳು ಒತ್ತರಿಸಿ ಬಂತು. ಅಳುವುದಕ್ಕೂ ಹೊತ್ತಿರಲಿಲ್ಲ.

"ಕೊಡು ಇಲ್ಲಿ" ಎಂದಳು ಅಕ್ಕ.

"ಇನ್ನೂ ಹಸಿ ಅಕ್ಕಾ, ಅಂಟುತ್ತೆ..."

"ಅಂಟಲಿ ಬಿಡೋ. ನಾನೇ ಉದುರ್ತಾ ಇದೀನಿ."

"ಬೇಡ! ರೆಕ್ಕೆ ತೆಗೆಯೋ ಮೊದಲು ಕೊಡಬೇಡ!" ಎಂದು ಮುದುಕ ಕಿರುಚಿದ. ಅವನ ದನಿಯಲ್ಲಿ ಇದ್ದ ಹೆದರಿಕೆ ಕೇಳಿ ಬೀರೋಜನಿಗೆ ಎಲ್ಲ ಅರ್ಥವಾಯಿತು. ಅವನು ಮಿಂಚುವೀಣೆಯನ್ನು ಎತ್ತಿ, ರೆಕ್ಕೆ ಸಮೇತ, ಅಕ್ಕನ ಕೈಗೆ ಕೊಟ್ಟ. ಹಂಡೆಯ ಮುಚ್ಚಳ ಎಳೆದೆಸೆದು ತಾಮ್ರದ ಎಳೆಯನ್ನು ಇಳಿಬಿಟ್ಟ.

ಸೋವಕ್ಕ ದಂಡಿ ಹಿಡಿದಳು. ಹಸಿ ಅರಗು ಅವಳ ಅಂಗೈಗೆ ಅಂಟಿತು. ಅಂಟಿದ್ದಷ್ಟೇ ಅಲ್ಲ, ಬಿರುಕು ಬಿರುಕಿನೊಳಗೂ ಹರಿದು ಕೂತಿತು. ಒಡೆದ ಮಡಕೆಯನ್ನು ಅರಗು ಹಾಕಿ ಬೆಸೆಯುವುದಿಲ್ಲವೇ, ಹಾಗೆ ಕೈಯನ್ನು ಬೆಸೆಯಿತು. ನಾಲ್ಕು ಬೆರಳು ನಿಂತವು. ಒಣಗಿದ ಅರಗಾಗಿದ್ದರೆ ಮೊದಲನೇ ತಂತಿಗೇ ಕೈ ಪುಡಿಯಾಗುತ್ತಿತ್ತು.

ಅವಳು ಸವರಿದಳು. ಹಂಡೆ ಗುಡುಗಿತು. ಹೊತ್ತು ಬೆಟ್ಟದ ಹಿಂದೆ ಅರ್ಧ ಇಳಿದಿತ್ತು. ಅವಳು ಕಣ್ಣು ಮುಚ್ಚಿ ನುಡಿಸುತ್ತಲೇ ಹೋದಳು. ಮಣ್ಣು ಹೆಗಲು ದಾಟಿ ಎದೆಯ ಕಡೆ ಹೊರಳಿತು. ಒಂದು ಬೆರಳಗಲ, ಅರ್ಧ ಬೆರಳಗಲ. ಬೀರೋಜ ಹಂಡೆಯನ್ನು ತಬ್ಬಿ ಹಿಡಿದು "ಇನ್ನೂ ಜೋರಾಗಿ! ಇನ್ನೂ ಜೋರಾಗಿ!" ಎಂದು ಮೀನಿಗೆ ಗೋಗರೆದ. ಮೀನು ಮೊದಲ ಸಲ ಎದುರು ಮಾತಾಡಲಿಲ್ಲ. ಮೈಯಲ್ಲಿದ್ದ ಮಿಂಚನ್ನೆಲ್ಲ ಸುರಿಯಿತು.

ದೂರದ ಬೆಟ್ಟದ ತುದಿಯಲ್ಲಿ ಮಡಕೆ ಫಳಾರನೆ ಒಡೆಯಿತು.

ಬಾಗಿಲಲ್ಲಿದ್ದ ಮುದುಕ ಬಾಯಿ ತೆರೆದವನು ಮುಚ್ಚಲಿಲ್ಲ. ತಲೆ, ಹೆಗಲು, ಕಾಲು ಎಲ್ಲ ಜರ್ರನೆ ಇಳಿದು, ಹೊಸ್ತಿಲ ಮೇಲೆ ಒಂದು ಮೊರದಷ್ಟು ಧೂಳು ಉಳಿಯಿತು. ಸೋವಕ್ಕನ ತೋಳಿನ ಮಣ್ಣು ಹಕ್ಕಳೆಯಂತೆ ಕಳಚಿ ಬಿತ್ತು. ಒಳಗೆ ಬೆಚ್ಚಗಿನ ಚರ್ಮ ಇತ್ತು. ಕಿರುಬೆರಳೊಂದು ಮಾತ್ರ ಬರಲಿಲ್ಲ. ಆ ಖಾಲಿ ಜಾಗವನ್ನು ಬೀರೋಜ ಮುಟ್ಟಿ ಮುಟ್ಟಿ ನೋಡಿ ಅತ್ತ. ಆಗ ಅಳಲು ಬೇಕಾದಷ್ಟು ಹೊತ್ತಿತ್ತು.

ಹವಳಾವತಿಯ ಧೂಳು ಇಳಿದು ಆಕಾಶ ನೀಲಿಯಾಯಿತು. ಮಹಾರಾಜರು ಖುದ್ದು ಮಿಂಚುವೀಣೆ ನೋಡಲು ಬಂದರು. ದಂಡಿಯ ಉದ್ದಕ್ಕೂ ಅರಗಿನಲ್ಲಿ ನಾಲ್ಕು ಬೆರಳಿನ ಗುರುತು ಎಳೆದಾಡಿ ಗಟ್ಟಿಯಾಗಿತ್ತು. ಅಲ್ಲಲ್ಲಿ ಮಣ್ಣು ಮೆತ್ತಿತ್ತು. ಬುಡದಲ್ಲಿ ನೊಣದ ರೆಕ್ಕೆ.

"ಬೀರೋಜಾ, ಇದೇನಯ್ಯ? ಇದನ್ನು ಯಾವಾಗ ಸರಿಮಾಡಿ ಮುಗಿಸುತ್ತೀ?" ಎಂದರು ಮಹಾರಾಜರು.

ಬೀರೋಜನ ಕೈ ಕೇದಗೆ ಎಲೆಗಾಗಿ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಕ್ಕ ಒಳಗೆ ನಾಲ್ಕು ಬೆರಳಲ್ಲಿ ಶ್ರುತಿ ಮಾಡುತ್ತಿದ್ದಳು.

"ಮುಗಿದಿದೆ ಪ್ರಭು" ಎಂದ.

ಆಮೇಲೆ ಅವರೆಲ್ಲ ಕಾಲಕಾಲಕ್ಕೆ ಉಂಡು, ಕಾಲಕಾಲಕ್ಕೆ ನಕ್ಕು, ತುಂಬು ಸುಖದಲ್ಲಿ ಬಾಳಿದರು.