ನಾಲ್ಕರಲ್ಲಿ ಒಂದು, ಮತ್ತೆ ನಾಲ್ಕರಲ್ಲಿ ಒಂದು

"ನೀವ್ಯಾಕೆ ಬಂದ್ರಿ?"

ಆಸ್ಪತ್ರೆಯ ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಗಂಡನನ್ನು ಕಂಡಾಗ ಅವಳ ಬಾಯಿಂದ ಬಂದದ್ದು ಅಷ್ಟೇ.

ಮನೆ ಬಿಟ್ಟು ಬಂದ ಮೇಲೆ ಮೊದಲ ಸಲ ಅವನ ಮುಖ ನೋಡುತ್ತಿದ್ದಳು. ಎದೆ ಹೊಡೆದುಕೊಳ್ಳಬೇಕಿತ್ತು... ಹೊಡೆದುಕೊಳ್ಳಲಿಲ್ಲ. ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ.

ಅವನು ಎದ್ದು ನಿಂತ. ಲಿಫ್ಟ್ ರಿಪೇರಿ ಕೆಲಸದಿಂದ ನೇರವಾಗಿ ಬಂದಿದ್ದ. ಅಂಗಿಯ ಒಂದು ತೋಳಿಗೆ ಗ್ರೀಸು ಮೆತ್ತಿತ್ತು. ಇನ್ನೊಂದು ತೋಳು ಮಡಚಿತ್ತು. ಮೊಣಕೈಯ ಒಳಗೆ ಹತ್ತಿ, ಅದರ ಮೇಲೆ ಅಂಟುಪಟ್ಟಿ.

"ಇಲ್ಲಿಂದ ಫೋನ್ ಬಂತು. ಹೋದ ಸಲ ಪರೀಕ್ಷೆಗೆ ಕೊಟ್ಟ ರಕ್ತ ಮುಗಿದಿದೆ, ಮಗುವಿನ ಅಪ್ಪನದ್ದು ಹೊಸದಾಗಿ ಬೇಕು ಅಂದ್ರು." ಅವನು ಅಂಟುಪಟ್ಟಿ ಒತ್ತಿಕೊಂಡ. "ಯಾವ ಮಗು ಅಂತ ಕೇಳ್ದೆ ನಾನು... ಪೆದ್ದನ ಹಾಗೆ."

ಅವಳು ಹೇಳಿರಲಿಲ್ಲ. ಮತ್ತೆ ಬಸಿರಾಗಿರುವುದು ಅಕ್ಕನಿಗೆ ಮಾತ್ರ ಗೊತ್ತಿತ್ತು.

"ಒಂದು ಮಾತು ಹೇಳಬಹುದಿತ್ತು ನೀನು."

"ಹೇಳಿದ್ರೆ ನೀವು ಮತ್ತೆ ಅದೇ ಮಾತು ಆಡ್ತಿದ್ರಿ."

ಒಂದು ಕುರ್ಚಿ ನಡುವೆ ಬಿಟ್ಟು ಅವಳು ಕೂತಳು.

ಇಬ್ಬರೂ ಗಟ್ಟಿಮುಟ್ಟಾದವರು. ಮೊದಲ ಬಸಿರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗಲೇ ತಿಳಿದದ್ದು, ಇಬ್ಬರೂ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು ಎಂದು. ಆ ದೋಷ ಒಬ್ಬರಿಂದ ಮಾತ್ರ ಬಂದರೆ ಮಗುವಿಗೆ ಏನೂ ಆಗುವುದಿಲ್ಲ. ಇಬ್ಬರಿಂದಲೂ ಬಂದರೆ, ಬದುಕಿರುವಷ್ಟು ಕಾಲ ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸಬೇಕು. ಆ ಮಗುವಿಗೆ ಇಬ್ಬರಿಂದಲೂ ಬಂದಿತ್ತು. ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು, ಇಬ್ಬರೂ ಸೇರಿಯೇ, ಬೇಡ ಎಂದು ತೀರ್ಮಾನಿಸಿದ್ದರು.

ಅಂದಿನಿಂದ ಅವಳೊಳಗೆ ಏನೋ ನಿಂತುಹೋಗಿತ್ತು.

ಬಣ್ಣದ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಗಿರಾಕಿಗಳು ತಂದ ಗೋಡೆಯ ಚಕ್ಕೆ ನೋಡಿ, ಅದೇ ಬಣ್ಣ ಬೆರೆಸಿ ಕೊಡುತ್ತಿದ್ದಳು. ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಯಾವ ಬಣ್ಣವೂ ಕಣ್ಣು ದಾಟಿ ಒಳಗೆ ಇಳಿಯುತ್ತಿರಲಿಲ್ಲ.

ಅವನೋ, ಒಂದು ಹನಿ ಕಣ್ಣೀರು ಹಾಕಲಿಲ್ಲ. "ಇನ್ನೊಂದು ಅಂದ್ರೆ ಭಯ ಆಗುತ್ತೆ" ಎಂದು ಅವಳು ಹೇಳಿದ ಬೆಳಿಗ್ಗೆ, ಬೂಟಿನ ಲೇಸು ಕಟ್ಟುತ್ತ ಅಂದಿದ್ದ: "ನಾಲ್ಕರಲ್ಲಿ ಒಂದು ಅಂತ ಡಾಕ್ಟರು ಹೇಳಿದ್ರಲ್ಲ. ಆ ಒಂದು ಹೋಯ್ತು ಬಿಡು. ಇನ್ನು ಮೂರೂ ಒಳ್ಳೇವೇ."

ಹೋಯ್ತು ಬಿಡು! ಬುಟ್ಟಿಯಿಂದ ಕೊಳೆತ ಹಣ್ಣು ಎತ್ತಿ ಎಸೆದ ಹಾಗೆ! ಅಂದೇ ಬ್ಯಾಗು ತುಂಬಿಕೊಂಡು ಅಕ್ಕನ ಮನೆಗೆ ಬಂದಿದ್ದಳು. ಮತ್ತೆ ಬಸಿರು ಎಂದು ತಿಳಿದದ್ದು ಅಲ್ಲಿಗೆ ಬಂದ ಮೇಲೆ.

"ನಿನ್ನ ಲಿಫ್ಟಪ್ಪ ಮೇಲೂ ಬರಲ್ಲ, ಕೆಳಗೂ ಇಳಿಯಲ್ಲ ಕಣೇ. ನಡುವೆ ನಿಂತುಬಿಡ್ತಾನೆ," ಎಂದು ಅಕ್ಕ ನಗಿಸಲು ನೋಡಿದ್ದಳು. ನಗು ಬಂದಿರಲಿಲ್ಲ.

"ಇಬ್ಬರೂ ಒಳಗೆ ಬನ್ನಿ," ಎಂದು ಕೌನ್ಸೆಲರ್ ಮೇಡಂ ಬಾಗಿಲು ತೆಗೆದರು.

ಪುಟ್ಟ ಕೋಣೆ. ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆ. ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಬಣ್ಣದ ಅಂಗಡಿಯಲ್ಲಿದ್ದೀರಲ್ವಾ, ನಿಮ್ಮ ಭಾಷೆಲೇ ಹೇಳ್ತೀನಿ. ಅಪ್ಪ ಅಮ್ಮನ ಗುಣ ಮಗುವಿನಲ್ಲಿ ಎರಡು ಬಣ್ಣ ಬೆರೆತ ಹಾಗೆ..."

"ಬೆರೆತ ಬಣ್ಣ ಮತ್ತೆ ಬೇರೆ ಆಗಲ್ಲ ಮೇಡಂ. ಹಾಗಿದ್ರೆ ಎಲ್ಲ ಮಕ್ಕಳಿಗೂ ಅರ್ಧರ್ಧ ಬರಬೇಕಿತ್ತು."

ಮೇಡಂ ನಕ್ಕುಬಿಟ್ಟರು. "ಸರಿಯಮ್ಮ, ಸೋತೆ. ಬೆರೆಯಲ್ಲ. ನಿಮ್ಮಿಬ್ಬರ ಹತ್ರನೂ ಮುಚ್ಚಿದ ಡಬ್ಬ ಎರಡೆರಡು ಇವೆ ಅಂತಿಟ್ಕೊಳ್ಳಿ. ಒಂದು ಒಳ್ಳೇದು, ಒಂದು ಕೆಟ್ಟಿದ್ದು. ಕಣ್ಣು ಮುಚ್ಕೊಂಡು ಒಬ್ಬೊಬ್ಬರು ಒಂದೊಂದು ಮಗುವಿಗೆ ಕೊಡ್ತೀರ. ಇಬ್ಬರ ಕೈಯಿಂದಲೂ ಕೆಟ್ಟಿದ್ದೇ ಹೋಗೋ ಸಾಧ್ಯತೆ ನಾಲ್ಕರಲ್ಲಿ ಒಂದು."

"ಆ ಒಂದು ಹೋದ ಸಲವೇ ಮುಗೀತಲ್ಲ ಮೇಡಂ," ಎಂದ ಅವನು. "ಇನ್ನು ಉಳಿದಿರೋದು ಮೂರು."

ಅದೇ ಮಾತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮೇಡಂ ಮೆಲ್ಲಗೆ ಹೇಳಿದರು. "ಇಲ್ಲಪ್ಪ. ಕೊಟ್ಟ ಡಬ್ಬ ಖಾಲಿ ಆಗಲ್ಲ. ಪ್ರತಿ ಸಲವೂ ಎರಡೂ ಹಾಗೇ ಇರ್ತವೆ. ಮತ್ತೆ ಕಣ್ಣು ಮುಚ್ಚಬೇಕು. ಮತ್ತೆ ನಾಲ್ಕರಲ್ಲಿ ಒಂದೇ."

ಅವಳು ತಿರುಗಿ ನೋಡಿದಳು. ಅವನ ಮುಖ ಸುಣ್ಣದಂತಾಗಿತ್ತು.

"ಹಾಗಾದ್ರೆ... ಮೊದಲನೇದು... ಇದಕ್ಕೋಸ್ಕರ ಹೋಗಿದ್ದಲ್ವಾ?"

"ಅಂದ್ರೆ?"

"ಕೆಟ್ಟದ್ದನ್ನೆಲ್ಲ ತಾನೇ ತಗೊಂಡು, ಹಿಂದೆ ಬರೋ ತಮ್ಮ ತಂಗೀರಿಗೆ ಒಳ್ಳೇದು ಬಿಟ್ಟು ಹೋಯ್ತು ಅಂತ... ಅಷ್ಟು ಮಾಡಿ ಹೋಯ್ತಲ್ಲ ಅಂತ ನಾನು ದಿನಾ..." ಅವನು ಮೇಜಿನ ಅಂಚು ಹಿಡಿದ. "ಸುಮ್ಸುಮ್ನೆ ಹೋಯ್ತಾ ಮೇಡಂ? ಯಾರಿಗೂ ಏನೂ ಉಪಯೋಗವಾಗ್ದೆ?"

ಮೇಡಂ ಟಿಶ್ಯೂ ಪೆಟ್ಟಿಗೆಯನ್ನು ಅವನತ್ತ ತಳ್ಳಿದರು. ಅವನು ತೆಗೆದುಕೊಳ್ಳಲಿಲ್ಲ. ಕಣ್ಣೀರು ಪ್ಯಾಂಟಿನ ಮೇಲೆ ಉದುರುತ್ತಲೇ ಇತ್ತು.

ಅವಳು ಆ ಒದ್ದೆ ಕಲೆಗಳನ್ನೇ ನೋಡಿದಳು.

*ಇಷ್ಟು ದಿನ ಇವರು ನಿಂತಿದ್ದು ಈ ಒಂದು ಲೆಕ್ಕದ ಮೇಲೆ! ನಾನು ಅದನ್ನ ಕಲ್ಲುಮನಸ್ಸು ಅಂದುಕೊಂಡೆ...*

ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಆದರೆ ಅವಳ ಕೈ, ಅವಳನ್ನು ಕೇಳದೆಯೇ, ಅವನ ಗ್ರೀಸು ಮೆತ್ತಿದ ತೋಳಿನ ಮೇಲೆ ಹೋಗಿ ಕೂತಿತು.

ಪರೀಕ್ಷೆ ಬೇಗ ಮುಗಿಯಿತು. ಸ್ಕ್ಯಾನಿನ ಪರದೆಯಲ್ಲಿ ಬೂದು ಬಣ್ಣದ ಏನೋ ಒಂದು ಮಿಡಿಯುತ್ತಿತ್ತು. ಹೊಟ್ಟೆಗೆ ಸೂಜಿ ಇಳಿಸಿ, ಮಗುವನ್ನು ಪೋಷಿಸುವ ಮಾಸಿನ ಒಂದು ಚೂರು ಪರೀಕ್ಷೆಗೆ ತೆಗೆದುಕೊಂಡರು. ಅವಳು ಚಾವಣಿ ನೋಡುತ್ತ ಮಲಗಿದ್ದಳು. ಎದ್ದು ಕೂತಾಗ ಅವನು ಗೋಡೆಗೆ ಒರಗಿ, ಅವಳ ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದ.

"ಕೆಳಗಿಡಬಹುದಿತ್ತಲ್ಲ."

ಅವನು ಕೈ ನೋಡಿಕೊಂಡ. "ಹೌದಲ್ಲ... ಗೊತ್ತೇ ಆಗ್ಲಿಲ್ಲ."

ಗೇಟಿನ ಬಳಿ ಕೇಳಿದ: "ಅಕ್ಕನ ಮನೆಗೆ ಬಿಡ್ಲಾ?"

"ಮನೆಗೆ ನಡೀರಿ. ಹೊಟ್ಟೆ ಹಿಡ್ಕೊಂಡಂಗಿದೆ, ಮಲಗ್ಬೇಕು."

ಮನೆ ಹಾಗೇ ಇತ್ತು. ಚಿಕ್ಕ ಕೋಣೆಯ ಬಾಗಿಲು ಎಂದಿನಂತೆ ಮುಚ್ಚಿತ್ತು. ಮೊದಲ ಮಗುವಿಗೆಂದು ಅವಳೇ ಬೆರೆಸಿದ ತಿಳಿಹಳದಿ ಬಣ್ಣದ ಡಬ್ಬ ಅಲ್ಲಿತ್ತು. ಮುಚ್ಚಳ ತೆಗೆದಿರಲಿಲ್ಲ, ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ ಎಂದೇ ಅವಳು ತಿಳಿದಿದ್ದಳು.

ಬಾಗಿಲು ತಳ್ಳಿದಳು. ಡಬ್ಬ ಬೋರಲಾಗಿತ್ತು.

"ಇದ್ಯಾಕೆ ತಲೆಕೆಳಗಾಗಿದೆ?"

ಅವನು ಹೊಸ್ತಿಲಲ್ಲೇ ನಿಂತ. "ನೀನೇ ಹೇಳಿದ್ಯಲ್ಲ. ಇಟ್ಟಲ್ಲೇ ಇಟ್ರೆ ಬಣ್ಣ ತಳ ಹಿಡಿದು ಗಟ್ಟಿಯಾಗುತ್ತೆ, ಆಗಾಗ ಬೋರಲು ಹಾಕ್ಬೇಕು ಅಂತ. ಹಾಕ್ತಿದ್ದೆ."

"ಯಾವಾಗಿಂದ?"

"ಆವತ್ತಿಂದ."

ಅವಳು ಡಬ್ಬದ ಪಕ್ಕ ಕುಸಿದು ಕೂತಳು. ಎತ್ತಿ ಅಲ್ಲಾಡಿಸಿದಳು. ಒಳಗೆ ಬಣ್ಣ ಗುಳುಗುಳು ಎಂದಿತು. ಗಟ್ಟಿಯಾಗಿರಲಿಲ್ಲ.

ಆಗ ಬಂತು, ಅಷ್ಟು ತಿಂಗಳಿಂದ ಬಾರದಿದ್ದ ಅಳು.

"ನೀವು ಅಳಲೇ ಇಲ್ಲ ಅಂತ ಬಿಟ್ಟು ಹೋದೆ ನಾನು..."

"ನೀನು ಅಳ್ಲಿಲ್ವಲ್ಲ. ನಾನು ಹೇಗೆ ಅಳ್ಲಿ?" ಅವನು ಪಕ್ಕದಲ್ಲಿ ಕೂತ. "ನಾನು ಅತ್ರೆ ನೀನು ಪೂರ್ತಿ ಕುಸಿದುಬಿಡ್ತೀಯ ಅಂತ..."

"ಇದಕ್ಕೂ ಹಾಗೇ ಬಂದ್ರೆ?"

"ಗೊತ್ತಿಲ್ಲ ಕಣೇ. ಇನ್ನು ಲೆಕ್ಕ ಹಾಕಲ್ಲ ನಾನು. ಹೋಗ್ಬೇಡ, ಅಷ್ಟೇ."

ಅವಳು ಹೋಗಲಿಲ್ಲ.

ಫಲಿತಾಂಶದ ಫೋನ್ ಅವಳಿಗೆ ಅಂಗಡಿಯಲ್ಲಿ ಬಂತು. ಕೇಳಿಸಿಕೊಂಡಳು. ಗಿರಾಕಿಯೊಬ್ಬ ಕಾಯುತ್ತ ನಿಂತಿದ್ದ. ಅವನನ್ನು ಹಾಗೇ ಬಿಟ್ಟು ಹಿಂಬಾಗಿಲಿಗೆ ಬಂದು ಗಂಡನಿಗೆ ಫೋನ್ ಹಚ್ಚಿದಳು.

"ರೀ..."

ಆ ಕಡೆ ಉಸಿರು ನಿಂತಂತಾಯಿತು. 'ರೀ' ಎಂಬ ಆ ಕರೆ ಅವನ ಕಿವಿಗೆ ಬಿದ್ದು ಯಾವ ಕಾಲವಾಗಿತ್ತೋ!

"ನಮ್ಮ ಥರನೇ ಅಂತೆ. ಒಂದು ಒಳ್ಳೇದು, ಒಂದು ಕೆಟ್ಟಿದ್ದು. ರಕ್ತ ಗಿಕ್ತ ಏನೂ ಬೇಡ್ವಂತೆ. ಚೆನ್ನಾಗಿರುತ್ತಂತೆ ರೀ!"

"ಒಳ್ಳೇದು ಯಾರದ್ದು ಹೋಯ್ತಂತೆ? ನಿಂದಾ, ನಂದಾ?"

"ಕೇಳ್ಲಿಲ್ಲ. ಕೇಳೋದೂ ಇಲ್ಲ."

"ಹೂಂ... ಬೇಡ."

"ಎಲ್ಲಿದ್ದೀರ ಈಗ?"

"ಎರಡು ಮಹಡಿ ನಡುವೆ."

ಅವಳಿಗೆ ಅಕ್ಕನ ಮಾತು ನೆನಪಾಯಿತು. ತುಟಿ ತಾನಾಗಿ ಅರಳಿತು. "ಅಲ್ಲೇ ನಿಂತುಬಿಡ್ಬೇಡಿ. ಸಂಜೆ ಬೇಗ ಬನ್ನಿ, ಬ್ರಷ್ ತರ್ತೀನಿ ನಾನು."

"ಆ ಹಳದಿ... ಇದಕ್ಕೆ ಹಚ್ಚೋದಾ?"

"ಅಲ್ಲ. ಇದಕ್ಕೆ ಹೊಸದು ಬೆರೆಸ್ತೀನಿ. ಅದು ಮೊದಲನೇದರದ್ದು. ನಾವು ಮಲಗೋ ಕೋಣೆಗೆ ಹಚ್ಚೋಣ. ನಮ್ಮ ಜೊತೆನೇ ಇರ್ಲಿ."

ಅವನು ಅಳುತ್ತಿದ್ದ. ಈ ಸಲ ಅದು ಅವಳಿಗೆ ಕೇಳಿಸಿತು.

"ಇನ್ನೊಂದ್ಸಲ ಅನ್ನು," ಎಂದ.

"ಏನನ್ನ?"

"ಮೊದಲು ಕರೆದ್ಯಲ್ಲ, ಅದು."

"...ಬೇಗ ಬನ್ನಿ, ರೀ."