ಬಿಡಿಭಾಗ ಕೇಳಿದವಳು

"ತಗೊಳ್ಳಿ, ನಿಮ್ಮ ಘನಂದಾರಿ ಕಂಪ್ಯೂಟರ್!"

ಕ್ಯಾಬಿನೆಟ್ಟನ್ನು ಕೌಂಟರ್ ಮೇಲೆ ಧಡ್ಡೆಂದು ಇಟ್ಟಳು ಅವಳು. ಅಂಗಡಿಯವನು ಬೆಚ್ಚಿಬಿದ್ದು ಎದ್ದು ನಿಂತ.

"ಏನಾಯ್ತು ಮೇಡಂ?"

"ಏನಾಗ್ಬೇಕಿತ್ತು? ನನ್ನ ಅನಿಮೇಷನ್ ಚಿತ್ರದ ಕೊನೇ ಪ್ರತಿ ತೆಗೆಯೋಕೆ ಇಟ್ರೆ ಸ್ವಲ್ಪ ಹೊತ್ತಿಗೆ ತಾನಾಗೇ ಆಫ್! ಮತ್ತೆ ಹಾಕಿದ್ರೆ ಮತ್ತೆ ಆಫ್! ಸಂಜೆಯೊಳಗೆ ಅದನ್ನ ಸ್ಟುಡಿಯೋಗೆ ಕಳಿಸ್ಬೇಕು. ಕಳಿಸದಿದ್ರೆ ನನ್ನ ಕಥೆ ಮುಗೀತು!"

ಇನ್ನೇನು ಅತ್ತೇಬಿಡುತ್ತಿದ್ದಳು. ಆದರೆ ಇವನೆದುರು ಅಳುವುದೇ? ಛೆ!

ಮನೆಯಲ್ಲಿ ಅವಳಿಗೆ 'ಗೊಂಬೆ' ಎಂದೇ ಹೆಸರು. ಕಂಪ್ಯೂಟರಿನಲ್ಲಿ ಗೊಂಬೆಗಳನ್ನು ಕುಣಿಸಿ ಚಿತ್ರ ಮಾಡುವುದೇ ಅವಳ ಪ್ರಾಣ. ಇರುವುದು ಅಕ್ಕನ ಮನೆಯಲ್ಲಿ. "ಈ ಸಲ ಸ್ಟುಡಿಯೋದವರು ಕೆಲಸಕ್ಕೆ ತಗೊಳ್ಳದಿದ್ರೆ ಗೊಂಬೆಯಾಟ ಸಾಕು. ಸುಮ್ನೆ ನಿಮ್ಮ ಭಾವನ ಆಫೀಸಿಗೆ ಸೇರ್ಕೋ" ಎಂದು ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಸಿಟ್ಟು ಬರದೆ ಇನ್ನೇನು? ಮೊದಲು ಅವಳು ಕೇಳಿದ್ದು ಬಿಡಿಭಾಗಗಳನ್ನು! ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ತಿಂಗಳುಗಟ್ಟಲೆ ಓದಿ, ತಾನೇ ಜೋಡಿಸಬೇಕೆಂಬ ಆಸೆಯಿಂದ ಬಂದಿದ್ದಳು. ಆದರೆ ಈ ಮಹಾನುಭಾವ, "ನಿಮಗ್ಯಾಕೆ ಮೇಡಂ ತಾಪತ್ರಯ? ನಿಮಗೆ ಬೇಕಾದ ಹಾಗೇ ನಾನೇ ಜೋಡಿಸಿ ಕೊಡ್ತೀನಿ. ದಿನಾ ಬಂದು ನೋಡ್ಕೊಳ್ಳಿ" ಎಂದಿದ್ದ.

ಹೇಳುವಾಗ ನಕ್ಕಿದ್ದ. ಆ ನಗುವಿಗೆ ಇವಳು ತಲೆಯಾಡಿಸಿಬಿಟ್ಟಿದ್ದಳು, ಪಾಪ! ದಿನವೂ ಬಂದು, ಎದುರಿನ ಸ್ಟೂಲಿನ ಮೇಲೆ ಕೂತು ಹರಟಿದ್ದಳು ಕೂಡ.

'ಯಾರೋ ಹಲ್ಲು ಬಿಟ್ಟರೆ ಕರಗಿಹೋದೆಯಲ್ಲೇ... ಅನುಭವಿಸು ಈಗ!' ಎಂದು ತನ್ನನ್ನೇ ಬೈದುಕೊಂಡಳು.

"ಕೂತ್ಕೊಳ್ಳಿ, ನಾನು ಬಿಚ್ಚಿ ನೋಡ್ತೀನಿ," ಎಂದ ಅವನು.

"ಮುಟ್ಟಬೇಡಿ! ಸ್ಕ್ರೂಡ್ರೈವರ್ ಇಲ್ಲಿ ಕೊಡಿ."

"ಸೀಲ್ ನೀವು ಒಡೆದ್ರೆ ಗ್ಯಾರಂಟಿ ಹೋಗುತ್ತೆ ಮೇಡಂ..."

"ನನ್ನ ಬದುಕೇ ಹೋಗ್ತಿದೆ, ನಿಮ್ಮ ಗ್ಯಾರಂಟಿ ಕಟ್ಕೊಂಡು ಏನ್ ಮಾಡ್ಲಿ?"

ಅವನು ತೆಪ್ಪಗೆ ಕೊಟ್ಟ.

ಅವಳು ಪಕ್ಕದ ಮುಚ್ಚಳ ತೆಗೆದಳು. ಪ್ರೊಸೆಸರಿನ ಹತ್ತಿರ ಬೆರಳಿಟ್ಟರೆ ಇನ್ನೂ ಬಿಸಿ! ಅದನ್ನು ತಣ್ಣಗಿಡಬೇಕಾದ ಕೂಲರಿನ ಸ್ಕ್ರೂ ಬಿಚ್ಚಿ, ಮೆಲ್ಲಗೆ ಎತ್ತಿ ತಿರುಗಿಸಿ ನೋಡಿದಳು.

ಅದರ ತಳದಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯೊಂದು ಅಂಟಿಕೊಂಡೇ ಇತ್ತು! 'ಕೂರಿಸುವ ಮೊದಲು ತೆಗೆಯಿರಿ' ಎಂದು ಅದರ ಮೇಲೇ ಅಚ್ಚಾಗಿತ್ತು. ಅದು ಅಡ್ಡ ಇದ್ದರೆ ಬಿಸಿ ಹೋಗುವುದಾದರೂ ಹೇಗೆ?

ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ... ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೀಗೆ ಮರೆತಿಲ್ಲ ಮೇಡಂ..."

"ನಂದ್ರಲ್ಲೇ ಯಾಕೆ ಮರೆತ್ರಿ?"

ಅವನು ತಲೆ ತಗ್ಗಿಸಿದ. "ಕೂಲರ್ ಕೂರಿಸೋವಾಗ... ನೀವು ಎದುರಿಗೆ ಕೂತಿದ್ರಿ."

"ಅಂದ್ರೆ? ತಪ್ಪು ನಂದಾ?!"

"ಅಲ್ಲ, ಅಲ್ಲ! ನನ್ನ ಕೈ ಇಲ್ಲಿತ್ತು, ಕಣ್ಣು... ಇಲ್ಲಿರಲಿಲ್ಲ."

ಮಾತಿನ ಅರ್ಥ ಅವಳಿಗೆ ಹೊಳೆಯಿತು. ಆದರೆ ಅದಕ್ಕೆಲ್ಲ ಈಗ ಪುರುಸೊತ್ತೆಲ್ಲಿ? ಹಾಳೆ ಕಿತ್ತೆಸೆದಳು. ಒರೆಸಿ, ಬಿಸಿಯನ್ನು ಕೂಲರಿಗೆ ದಾಟಿಸುವ ಹೊಸ ಪೇಸ್ಟ್ ಹಚ್ಚಿ, ಕೂಲರನ್ನು ತಾನೇ ಕೂರಿಸಿದಳು. ಅಲ್ಲೇ ಅಂಗಡಿಯ ಪರದೆಗೆ ಜೋಡಿಸಿ ಕೆಲಸ ಶುರುಮಾಡಿದಳು. ಅವನು ಬಂದ ಗಿರಾಕಿಗಳನ್ನೆಲ್ಲ "ನಾಳೆ ಬನ್ನಿ" ಎಂದು ಸಾಗಹಾಕಿದ.

ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಹಸಿರು ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಮತ್ತೆ ಆಫ್ ಆದರೆ?

ಆಗಲಿಲ್ಲ!

ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ಚಿತ್ರ ಸ್ಟುಡಿಯೋ ಸೇರಿತು. ಅಂಗಡಿ ಮುಚ್ಚುವ ಹೊತ್ತಿಗೆ, ಚಿತ್ರ ನೋಡಿದವರಿಂದ ಫೋನೂ ಬಂತು. "ಚೆನ್ನಾಗಿದೆ, ನಮ್ಮಲ್ಲೇ ಕೆಲಸ ಶುರುಮಾಡಿ" ಎಂದರು. ಫೋನಿಟ್ಟವಳು ಗಳಗಳನೆ ಅತ್ತುಬಿಟ್ಟಳು.

ಆಮೇಲೆ ಮುಖ ಒರೆಸಿಕೊಂಡು ಅವನತ್ತ ತಿರುಗಿದಳು.

"ನಿಜ ಹೇಳಿ. ಹೆಣ್ಣಿಗೆ ಇದೆಲ್ಲ ಬರಲ್ಲ ಅಂತ ತಾನೇ ಬಿಡಿಭಾಗ ಕೊಡ್ಲಿಲ್ಲ?"

"ನನ್ನಾಣೆ, ಅಲ್ಲ! ನಿಮಗೆ ಚೆನ್ನಾಗಿ ಬರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಕೊಡ್ಲಿಲ್ಲ. ತಗೊಂಡು ಹೋಗಿ ಜೋಡಿಸ್ಕೊಂಡಿದ್ರೆ... ಮತ್ತೆ ಈ ಕಡೆ ಯಾಕೆ ಬರ್ತಿದ್ರಿ?"

"ಅದಕ್ಕೆ?! ನಿಮ್ಮ ನೆಪಕ್ಕೆ ನನ್ನ ಬಾಳು ಬಲಿಯಾಗ್ತಿತ್ತಲ್ರೀ! ಮನಸ್ಸಲ್ಲಿದ್ದದ್ದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ಹೇಳೋದು ಬಿಟ್ಟು ನನ್ನ ಆಸೆಗೆ ಅಡ್ಡ ಬಂದ್ರಲ್ಲ!"

ಅವನ ಕಣ್ಣು ತುಂಬಿತು.

"ತಪ್ಪಾಯ್ತು. ಈಗ ಹೇಳ್ತೀನಿ... ನೀವಂದ್ರೆ ನನಗೆ ಪ್ರಾಣ. ಇನ್ಮೇಲೆ ನೀವು ಏನು ಕೇಳ್ತೀರೋ ಅದನ್ನೇ ಕೊಡ್ತೀನಿ. ನನ್ನ ಬುದ್ಧಿವಂತಿಕೆ ತೋರ್ಸಲ್ಲ."

ಎಷ್ಟು ಹಿಡಿದಿಟ್ಟರೂ ಅವಳ ತುಟಿಯಲ್ಲಿ ನಗು ಮೂಡಿಯೇಬಿಟ್ಟಿತು.

"ಏನು ಕೇಳಿದ್ರೂ?"

"ಏನು ಕೇಳಿದ್ರೂ."

"ಹಾಗಾದ್ರೆ ಈ ನೀವು-ಗೀವು ಬಿಟ್ಟುಬಿಡಿ. ಬಾಯ್ತುಂಬ 'ನೀನು' ಅನ್ನಿ."

ಅವನು ಉಗುಳು ನುಂಗಿದ. ಕಿವಿ ಕೆಂಪಾಯಿತು.

"ನೀನು... ನೀನು ನಾಳೆನೂ ಬರ್ತೀಯಾ... ಮೇಡಂ?"

ಅವಳು ಹಣೆ ಚಚ್ಚಿಕೊಂಡು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬರ್ತೀನಿ ಕಣೋ ಪೆದ್ದು... ಯಾವ ನೆಪಾನೂ ಇಲ್ದೆ ಬರ್ತೀನಿ!"